ಸೋಲನ್ನೂ ಬರೆದಿಟ್ಟ ವೈದ್ಯ: ಡಾ. ಹಾರ್ವೆ ಕುಶಿಂಗ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡಬೇಕೆಂದು ಗುರುಗಳು ಹೇಳಿ ಕಳಿಸಿದರು. ಆಗ ನನಗೆ ಹೊಳೆದ ಹೆಸರು ಅಮೆರಿಕದ ಮೆದುಳು ಶಸ್ತ್ರಚಿಕಿತ್ಸಕ ಡಾ. ಹಾರ್ವೆ ಕುಶಿಂಗ್ ಅವರದು. ಅವರು ತೀರಿಕೊಂಡು ಎಂಟು ದಶಕಗಳ ಮೇಲಾಯಿತು. ಅವರಿಗೂ ದೇವದುರ್ಗ, ಮಾನ್ವಿ, ರಾಯಚೂರಿನ ನಮಗೂ ಏನು ಸಂಬಂಧ ಎಂದು ಓದುಗರಿಗೆ ಅನಿಸಬಹುದು. ಸಂಬಂಧವಿದೆ. ಇಂದು ನಮ್ಮ ಊರಿನವರೊಬ್ಬರು ಮೆದುಳಿನ ಬುಡದ ಗಡ್ಡೆಗೆ ಆಪರೇಷನ್ ಮಾಡಿಸಿಕೊಳ್ಳುವ ಮುಂಚೆ, ಮುಂದೆ ಏನಾಗಬಹುದು ಎಂಬುದನ್ನು ಡಾಕ್ಟರು ಸ್ಕ್ಯಾನ್ ಚಿತ್ರ ಮುಂದಿಟ್ಟುಕೊಂಡು ಹೇಳುತ್ತಾರೆ. ಹಾಗೆ ಹೇಳುವ ವಿದ್ಯೆಯ ತಳಪಾಯದಲ್ಲಿ ಕುಶಿಂಗ್ ಅವರ ಕೆಲಸವಿದೆ.

ನಾನು ಡಾಕ್ಟರಲ್ಲ. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಮೆದುಳಿನ ಸ್ಕ್ಯಾನ್ ಚಿತ್ರಗಳನ್ನು ಜೋಡಿಸಿ ಅಳೆಯುವ ತಂತ್ರಾಂಶ ಬರೆಯುವುದು ನನ್ನ ಕೆಲಸ. ಆ ಕೆಲಸದ ದಾರಿಯಲ್ಲಿ ಕುಶಿಂಗ್ ಅವರ ಹೆಸರು ಮತ್ತೆ ಮತ್ತೆ ಎದುರಾಯಿತು. ಓದುತ್ತಾ ಹೋದಂತೆ ಅವರ ಚಾಕುವಿಗಿಂತ ಅವರ ಲೆಕ್ಕದ ಪುಸ್ತಕವೇ ದೊಡ್ಡದು ಎನಿಸಿತು.

ಮೊದಲು ಆ ಗ್ರಂಥಿಯ ವಿಷಯ. ಹತ್ತನೇ ತರಗತಿಯ ವಿಜ್ಞಾನದಲ್ಲಿ ನಾವೆಲ್ಲ ಪಿಟ್ಯುಟರಿ ಗ್ರಂಥಿಯ ಚಿತ್ರ ಬಿಡಿಸಿದ್ದೇವೆ. ಗಾತ್ರದಲ್ಲಿ ಅದು ಒಂದು ಬಟಾಣಿ ಕಾಳಿನಷ್ಟು. ಮೂಗಿನ ಹಿಂದೆ, ಮೆದುಳಿನ ಕೆಳಗೆ, ಕುದುರೆಯ ಜೀನಿನಂತೆ ತಗ್ಗಾದ ಎಲುಬಿನ ಕುಳಿಯಲ್ಲಿ ಅದು ಕೂತಿರುತ್ತದೆ. ದೇಹದ ಬೆಳವಣಿಗೆ, ನೀರಿನ ಸಮತೋಲನ, ಥೈರಾಯ್ಡ್ ಮುಂತಾದ ಬೇರೆ ಗ್ರಂಥಿಗಳ ಕೆಲಸ, ಇವೆಲ್ಲದರ ಹಿಡಿತ ಅದರ ಬಳಿ ಇದೆ. ಅದರ ನೆರೆಹೊರೆಯೇ ತೊಂದರೆಯದು. ಎಡಕ್ಕೂ ಬಲಕ್ಕೂ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳಗಳು. ಮೇಲೆ, ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗ. ಅಲ್ಲಿ ಗಡ್ಡೆ ಬೆಳೆದರೆ ಅದು ಹೆಚ್ಚಿನ ಸಲ ಕ್ಯಾನ್ಸರ್ ಆಗಿರುವುದಿಲ್ಲ. ಆದರೂ ಮೇಲಕ್ಕೆ ಒತ್ತಿ ಕಣ್ಣಿನ ಹೊರಮಗ್ಗುಲ ನೋಟವನ್ನು ಕಿತ್ತುಕೊಳ್ಳುತ್ತದೆ. ಟಾಂಗಾ ಕುದುರೆಯ ಕಣ್ಣಿಗೆ ಎರಡೂ ಕಡೆ ಪಟ್ಟಿ ಕಟ್ಟಿದ ಹಾಗೆ, ಎದುರಿಗಿದ್ದದ್ದು ಕಾಣುತ್ತದೆ, ಪಕ್ಕದಲ್ಲಿದ್ದದ್ದು ಕಾಣುವುದಿಲ್ಲ.

ಹಾರ್ವೆ ಕುಶಿಂಗ್ ಹುಟ್ಟಿದ್ದು 1869ರ ಏಪ್ರಿಲ್ 8ರಂದು, ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ. ಹತ್ತು ಮಕ್ಕಳಲ್ಲಿ ಕೊನೆಯವರು. ತಂದೆ, ಅಜ್ಜ, ಮುತ್ತಜ್ಜ ಮೂವರೂ ವೈದ್ಯರು. ಯೇಲ್ ವಿಶ್ವವಿದ್ಯಾಲಯದಲ್ಲಿ 1891ರಲ್ಲಿ ಪದವಿ ಪಡೆದು, ಹಾರ್ವರ್ಡ್‌ನಲ್ಲಿ 1895ರಲ್ಲಿ ವೈದ್ಯ ಪದವಿ ಮುಗಿಸಿದರು.

ವಿದ್ಯಾರ್ಥಿಯಾಗಿದ್ದಾಗಲೇ ಒಂದು ಆಘಾತ ಎದುರಾಯಿತು. ಆ ಕಾಲದಲ್ಲಿ ರೋಗಿಗೆ ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸುವ ಕೆಲಸವನ್ನು ತರಬೇತಿಯಿಲ್ಲದ ವಿದ್ಯಾರ್ಥಿಗಳಿಗೇ ಒಪ್ಪಿಸುತ್ತಿದ್ದರು. ಕುಶಿಂಗ್ ಅವರು ಈಥರ್ ಕೊಡುತ್ತಿದ್ದಾಗ ರೋಗಿಯೊಬ್ಬರು ತೀರಿಕೊಂಡರು. ವೈದ್ಯ ವೃತ್ತಿಯನ್ನೇ ಬಿಡಬೇಕೆಂದುಕೊಂಡರು, ಆದರೆ ಬಿಡಲಿಲ್ಲ. ಸಹಪಾಠಿ ಅರ್ನೆಸ್ಟ್ ಕಾಡ್‌ಮನ್ ಅವರೊಂದಿಗೆ ಸೇರಿ ಒಂದು ಸರಳ ಉಪಾಯ ಹೂಡಿದರು. ಆಪರೇಷನ್ ನಡೆಯುವಾಗ ರೋಗಿಯ ನಾಡಿಬಡಿತ, ಉಸಿರಾಟಗಳನ್ನು ಆಗಾಗ ಎಣಿಸಿ ಒಂದು ಹಾಳೆಯ ಮೇಲೆ ನಮೂದಿಸತೊಡಗಿದರು. ಇಂದು ಯಾವ ಆಸ್ಪತ್ರೆಯ ಆಪರೇಷನ್ ಕೋಣೆಗೆ ಹೋದರೂ ಇಂಥ ದಾಖಲೆ ಇದ್ದೇ ಇರುತ್ತದೆ. ಅದರ ಮೊದಲ ರೂಪ 1894ರ ಆ ಇಬ್ಬರು ವಿದ್ಯಾರ್ಥಿಗಳ ಹಾಳೆ. ಮುಂದೆ 1901ರಲ್ಲಿ ಯುರೋಪ್ ಪ್ರವಾಸದಲ್ಲಿದ್ದಾಗ ಇಟಲಿಯ ಪಾವಿಯಾದಲ್ಲಿ ರಿವಾ ರೋಚಿ ಎಂಬ ವೈದ್ಯರ ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ಕಂಡು, ಅದನ್ನು ಅಮೆರಿಕಕ್ಕೆ ತಂದು ಬಳಕೆಗೆ ಹಚ್ಚಿದರು.

1895ರ ಕೊನೆಯಲ್ಲಿ ಜರ್ಮನಿಯ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದರು. ಮರುವರ್ಷ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಸೇರಿದ ಕುಶಿಂಗ್, ಅಲ್ಲಿ ಆರಂಭದ ಎಕ್ಸ್‌ರೇ ಚಿತ್ರಗಳನ್ನು ತೆಗೆದವರಲ್ಲಿ ಒಬ್ಬರು. ಗುಂಡೇಟು ತಿಂದ ರೋಗಿಯ ಕತ್ತಿನ ಎಲುಬಿನ ಬಳಿ ಗುಂಡು ಎಲ್ಲಿದೆ ಎಂಬುದನ್ನು ಆ ಚಿತ್ರದಿಂದಲೇ ತೋರಿಸಿದರು. ಕೈ ಹಾಕುವ ಮುನ್ನ ಒಳಗಿನದನ್ನು ನೋಡಬಹುದು ಎಂಬ ಮಾತು ಆ ತಲೆಮಾರಿನ ಶಸ್ತ್ರಚಿಕಿತ್ಸಕರಿಗೆ ಹೊಸದು. ಆದರೆ ಎಕ್ಸ್‌ರೇಗೆ ಎಲುಬು ಕಾಣುತ್ತದೆ, ಮೆದುಳು ಕಾಣುವುದಿಲ್ಲ.

ಇದರ ಬೆಲೆ ಬೇಗನೆ ತೆರಬೇಕಾಯಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಅವರ ಬಳಿ ಬಂದಳು. ತಲೆನೋವು, ಮಸುಕಾಗುತ್ತಿದ್ದ ಕಣ್ಣು, ಸ್ಥೂಲವಾದ ಮೈ, ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲ. ಮೆದುಳಿನಲ್ಲಿ ಗಡ್ಡೆ ಇರಬಹುದೆಂದು ತಲೆ ತೆರೆದು ಹುಡುಕಿದರು. ಸಿಗಲಿಲ್ಲ. ಹುಡುಗಿ ಉಳಿಯಲಿಲ್ಲ. ಶವಪರೀಕ್ಷೆ ಮಾಡಿದಾಗ ಗಡ್ಡೆ ಇದ್ದದ್ದು ಪಿಟ್ಯುಟರಿಯ ಜಾಗದಲ್ಲಿ. ಅದೇ ಹೊತ್ತಿಗೆ ವಿಯೆನ್ನಾದ ಫ್ರೋಲಿಶ್ ಎಂಬ ವೈದ್ಯರು ಇಂಥದೇ ಲಕ್ಷಣಗಳಿದ್ದ ಒಬ್ಬ ಬಾಲಕನನ್ನು ಕಂಡು, ಮೂಲ ಪಿಟ್ಯುಟರಿಯಲ್ಲಿದೆ ಎಂದು ಗುರುತಿಸಿ ಪ್ರಕಟಿಸಿದ್ದರು. ಕುಶಿಂಗ್ ಅವರು ತಮ್ಮ ಕೈತಪ್ಪಿದ ಆ ಪ್ರಕರಣವನ್ನು ಮುಚ್ಚಿಡದೆ ತಾವೇ ಬರೆದು ಪ್ರಕಟಿಸಿದರು. ಅಲ್ಲಿಂದ ಮುಂದೆ ಅವರ ಆಯುಷ್ಯದ ದೊಡ್ಡ ಭಾಗ ಈ ಬಟಾಣಿ ಗಾತ್ರದ ಗ್ರಂಥಿಗೇ ಮೀಸಲಾಯಿತು.

1907ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಶ್ಲೋಫರ್ ಎಂಬ ಶಸ್ತ್ರಚಿಕಿತ್ಸಕರು ಮೊದಲ ಬಾರಿಗೆ ಮೂಗಿನ ದಾರಿಯಿಂದ ಪಿಟ್ಯುಟರಿ ಗಡ್ಡೆಯನ್ನು ತಲುಪಿದರು. 1909ರ ಮಾರ್ಚ್‌ನಲ್ಲಿ ಕುಶಿಂಗ್ ತಮ್ಮ ಮೊದಲ ಅಂಥ ಆಪರೇಷನ್ ಮಾಡಿದರು. ರೋಗಿ ಸೌತ್ ಡಕೋಟಾ ರಾಜ್ಯದ ಒಬ್ಬ ರೈತ. ಕೈ, ಕಾಲು, ದವಡೆ ದಿನೇ ದಿನೇ ದೊಡ್ಡದಾಗುವ ಅಕ್ರೋಮೆಗಲಿ ಎಂಬ ಕಾಯಿಲೆ ಆತನಿಗಿತ್ತು. ಬೆಳವಣಿಗೆಯ ಹಾರ್ಮೋನನ್ನು ಪಿಟ್ಯುಟರಿಯ ಗಡ್ಡೆ ಅತಿಯಾಗಿ ಸುರಿಸುವುದರಿಂದ ಬರುವ ಕಾಯಿಲೆ ಅದು. ಆತ ಬದುಕಿಕೊಂಡ. 1909ರಲ್ಲಿ ನಮ್ಮ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ಮುಂಬೈ ಮದ್ರಾಸ್ ರೈಲು 1871ರಿಂದಲೇ ರಾಯಚೂರಿನ ಮೇಲೆ ಓಡುತ್ತಿತ್ತು. ಆದರೆ ಇದೇ ಕಾಯಿಲೆಯ ರೈತನೊಬ್ಬ ದೇವದುರ್ಗದಿಂದ ಚಕ್ಕಡಿ ಕಟ್ಟಿಕೊಂಡು ಬಂದು ಆ ರೈಲು ಹತ್ತಿದ್ದರೂ, ಅದರ ಎರಡು ತುದಿಯಲ್ಲೂ ಇದಕ್ಕೆ ಚಿಕಿತ್ಸೆ ಮಾಡುವ ಮೆದುಳಿನ ಶಸ್ತ್ರಚಿಕಿತ್ಸಾ ವಿಭಾಗ ಇರಲಿಲ್ಲ.

1912ರಲ್ಲಿ ಪಿಟ್ಯುಟರಿಯ ಕಾಯಿಲೆಗಳ ಬಗ್ಗೆ ಅವರ ದೊಡ್ಡ ಗ್ರಂಥ ಹೊರಬಂತು. ಪ್ರತಿ ರೋಗಿಯ ಕಥೆ, ಫೋಟೋ, ಎಕ್ಸ್‌ರೇ, ಕಣ್ಣಿನ ನೋಟದ ನಕ್ಷೆ ಅದರಲ್ಲಿವೆ. ಮರುವರ್ಷ ಬೋಸ್ಟನ್‌ನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಗೆ ಬಂದರು. ಒಳಗಿನ ಗಡ್ಡೆ ಕಣ್ಣಿಗೆ ಕಾಣದ ಕಾಲದಲ್ಲಿ ಅದರ ಗಾತ್ರವನ್ನು ಅಂದಾಜು ಮಾಡುವುದು ಹೇಗೆ? ಅವರ ಬಳಿ ಎರಡೇ ಕಿಟಕಿ. ಒಂದು, ಗ್ರಂಥಿ ಕೂತಿರುವ ಎಲುಬಿನ ಕುಳಿಯ ಎಕ್ಸ್‌ರೇ. ಗಡ್ಡೆ ಬೆಳೆದರೆ ಕುಳಿ ಹಿಗ್ಗುತ್ತದೆ. ಆ ಚಿತ್ರ ಓದುವುದನ್ನು ವಿಯೆನ್ನಾದ ಶುಲ್ಲರ್ ಅವರು ಕಲಿಸಿಕೊಟ್ಟಿದ್ದರು. ಇನ್ನೊಂದು, ರೋಗಿಗೆ ಯಾವ ಮಗ್ಗುಲಲ್ಲಿ ಎಷ್ಟು ಕಾಣುತ್ತದೆ ಎಂಬ ನಕ್ಷೆ. ನೋಟ ಹೋದ ಬಗೆಯಿಂದ ನರದ ಮೇಲೆ ಒತ್ತಡ ಎಲ್ಲಿದೆ ಎಂದು ಲೆಕ್ಕ ಹಾಕುತ್ತಿದ್ದರು. ಅಂದಿನ ಪೂರ್ವಾಂದಾಜು ಅಷ್ಟೇ.

ಇಷ್ಟರಲ್ಲೇ 1910ರಿಂದ 1925ರವರೆಗೆ ಮೂಗಿನ ದಾರಿಯಿಂದ 231 ಪಿಟ್ಯುಟರಿ ಗಡ್ಡೆಗಳ ಆಪರೇಷನ್ ಮಾಡಿದರು. ಸಾವಿನ ಪ್ರಮಾಣ ಶೇ 5.6. ಪೆನ್ಸಿಲಿನ್ ಇರಲಿಲ್ಲ, ಒಳಗೆ ನೋಡಲು ಸೂಕ್ಷ್ಮದರ್ಶಕ ಇರಲಿಲ್ಲ, ಸ್ಕ್ಯಾನ್ ಇರಲಿಲ್ಲ. ಆ ಕಾಲಕ್ಕೆ ಅದು ನಂಬಲಾಗದ ಫಲಿತಾಂಶ. ಆದರೂ ನಂತರದ ವರ್ಷಗಳಲ್ಲಿ ತಮ್ಮದೇ ಲೆಕ್ಕ ನೋಡಿ ಅವರು ಆ ದಾರಿಯನ್ನು ಬಿಟ್ಟು, ಹಣೆಯ ಕಡೆಯಿಂದ ತಲೆಬುರುಡೆ ತೆರೆಯುವ ದಾರಿಗೆ ಹೊರಳಿದರು. ಅದರಲ್ಲಿ ಕಣ್ಣಿನ ನರವನ್ನು ನೇರವಾಗಿ ನೋಡಿ ಬಿಡಿಸಬಹುದಿತ್ತು. ತನಗೆ ಹೆಸರು ತಂದ ವಿಧಾನವನ್ನು ಲೆಕ್ಕ ನೋಡಿ ಕೈಬಿಡುವುದು ಸಣ್ಣ ಮಾತಲ್ಲ.

ಅವರ ಸ್ವಭಾವ ಮೃದುವಾಗಿರಲಿಲ್ಲ. ಸಹಾಯಕರಿಗೆ ಅವರೆಂದರೆ ಭಯ. ಐದು ಮಕ್ಕಳ ತಂದೆಯಾದರೂ ಮನೆಗೆ ಸಮಯ ಕೊಟ್ಟದ್ದು ಕಡಿಮೆ. 1918ರಲ್ಲಿ ಮೆದುಳಿನೊಳಗೆ ಗಾಳಿ ತುಂಬಿ ಎಕ್ಸ್‌ರೇ ತೆಗೆಯುವ ವಿಧಾನವನ್ನು ಅವರ ಹಿಂದಿನ ಶಿಷ್ಯ ವಾಲ್ಟರ್ ಡ್ಯಾಂಡಿ ಕಂಡುಹಿಡಿದಾಗ, ಅದನ್ನು ಒಪ್ಪಿಕೊಳ್ಳಲು ಕುಶಿಂಗ್ ಹಿಂಜರಿದರು. ಆ ವಿಧಾನದಿಂದ ಮೊದಲ ಬಾರಿಗೆ ಮೆದುಳಿನ ಒಳ ಆಕಾರ ಚಿತ್ರದಲ್ಲಿ ಕಂಡಿತ್ತು. ಇಬ್ಬರ ನಡುವಿನ ಮನಸ್ತಾಪ ಕೊನೆಯವರೆಗೂ ಉಳಿಯಿತು. 1926ರಲ್ಲಿ ಹಿರಿಯ ಮಗ ಕಾರು ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂದ ದಿನವೂ, ಕಾಯುತ್ತಿದ್ದ ರೋಗಿಯ ಆಪರೇಷನ್ ಮುಗಿಸಿಯೇ ಹೊರಬಂದರು. ಅದೇ ವರ್ಷ, ಗುರುಗಳಾದ ಸರ್ ವಿಲಿಯಂ ಆಸ್ಲರ್ ಅವರ ಜೀವನ ಚರಿತ್ರೆಗಾಗಿ ಪುಲಿಟ್ಜರ್ ಪ್ರಶಸ್ತಿ ಬಂತು. ಅದೇ ವರ್ಷ ಬೋವಿ ಎಂಬ ಭೌತವಿಜ್ಞಾನಿಯ ಜೊತೆ ಸೇರಿ, ವಿದ್ಯುತ್ತಿನಿಂದ ರಕ್ತಸ್ರಾವ ನಿಲ್ಲಿಸುವ ಸಾಧನವನ್ನು ಮೆದುಳಿನ ಆಪರೇಷನ್‌ನಲ್ಲಿ ಬಳಸಿದರು.

1931ರ ಏಪ್ರಿಲ್‌ನಲ್ಲಿ ಅವರು ದೃಢಪಟ್ಟ 2000ನೇ ಮೆದುಳು ಗಡ್ಡೆಯ ಆಪರೇಷನ್ ಮಾಡಿದರು. ಇಲ್ಲಿ ಇನ್ನೊಂದು ಹೆಸರನ್ನು ಗೌರವದಿಂದ ನೆನೆಯಬೇಕು. ಡಾ. ಲೂಯಿಸ್ ಐಸನ್‌ಹಾರ್ಟ್. ಮೊದಲು ಕುಶಿಂಗ್ ಅವರ ಕಚೇರಿಯಲ್ಲಿ ಸಹಾಯಕಿಯಾಗಿದ್ದು, ನಂತರ ತಾವೂ ವೈದ್ಯಕೀಯ ಓದಿ ಗಡ್ಡೆಗಳ ಪರೀಕ್ಷೆಯಲ್ಲಿ ಪರಿಣತರಾದ ಮಹಿಳೆ. ಪ್ರತಿ ರೋಗಿಯ ಗಡ್ಡೆ ಯಾವುದು, ಆಪರೇಷನ್ ನಂತರ ಏನಾಯಿತು, ಎಷ್ಟು ವರ್ಷ ಬದುಕಿದರು ಎಂಬುದನ್ನು ಅವರು ಪುಟ್ಟ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಮನೆಗೆ ಮರಳಿದ ರೋಗಿಗಳಿಗೆ ಪತ್ರ ಬರೆದು ವಿಚಾರಿಸುತ್ತಿದ್ದರು. ಗೆದ್ದದ್ದೂ ಸೋತದ್ದೂ ಒಂದೇ ಅಕ್ಷರದಲ್ಲಿ, ಒಂದೇ ಸಾಲಿನಲ್ಲಿ. ಮುಂದಿನ ರೋಗಿಗೆ ಯಾವ ಗಡ್ಡೆ ಎಷ್ಟು ಅಪಾಯ ಎಂದು ಹೇಳಲು ಸಾಧ್ಯವಾದದ್ದು ಆ ಸಾಲುಗಳಿಂದ.

1932ರಲ್ಲಿ ಕುಶಿಂಗ್ ಅವರು ಪಿಟ್ಯುಟರಿಯ ಒಂದು ಬಗೆಯ ಪುಟ್ಟ ಗಡ್ಡೆಯಿಂದ ಮುಖ ದುಂಡಗಾಗಿ, ಹೊಟ್ಟೆ ಬೆಳೆದು, ರಕ್ತದೊತ್ತಡ ಏರಿ, ಎಲುಬು ಸವೆಯುವ ಕಾಯಿಲೆಯನ್ನು ವಿವರಿಸಿದರು. ಅದಕ್ಕೆ ಈಗಲೂ ಅವರದೇ ಹೆಸರು. ಅದೇ ವರ್ಷ ಬೋಸ್ಟನ್‌ನಿಂದ ನಿವೃತ್ತರಾಗಿ, ನಂತರ ಯೇಲ್‌ಗೆ ಮರಳಿದರು. 1939ರ ಅಕ್ಟೋಬರ್ 7ರಂದು ಹೃದಯಾಘಾತದಿಂದ ತೀರಿಕೊಂಡರು. ಶವಪರೀಕ್ಷೆಯಲ್ಲಿ ಅವರ ಮೆದುಳಿನೊಳಗೇ ಒಂದು ಸಣ್ಣ ನೀರ್ಗಂಟು ಸಿಕ್ಕಿತು. ಅದು ಅವರಿಗೆ ತೊಂದರೆ ಕೊಟ್ಟಿರಲಿಲ್ಲ. ಅವರ ದಾಖಲೆಗಳೂ, ಜಾಡಿಗಳಲ್ಲಿ ಕಾಪಾಡಿದ ಮಾದರಿಗಳೂ ಯೇಲ್‌ನಲ್ಲಿವೆ. 2010ರಿಂದ ಅಲ್ಲಿನ ವೈದ್ಯಕೀಯ ಗ್ರಂಥಾಲಯದಲ್ಲಿ ಅವನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ.

ಅವರ ವಿದ್ಯೆ ನಮ್ಮ ದೇಶಕ್ಕೂ ಹರಿದು ಬಂತು. ಅವರ ಆಸ್ಪತ್ರೆಯಲ್ಲಿ ತರಬೇತಿಗಿದ್ದ ವೈಲ್ಡರ್ ಪೆನ್‌ಫೀಲ್ಡ್ ಮುಂದೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆಸರಾದರು. ಅಲ್ಲಿ ಕಲಿತ ಡಾ. ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ ಭಾರತದ ಮೊದಲ ಮೆದುಳು ಶಸ್ತ್ರಚಿಕಿತ್ಸಾ ವಿಭಾಗ ತೆರೆದರು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ರಾಯಚೂರಿನಲ್ಲಿ 2007ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ನಮ್ಮ ರಿಮ್ಸ್, ಶುರುವಾಯಿತು.

ನೋಡುವ ಸಾಧನವೂ ಬದಲಾಯಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ರೋಗಿಯ ಮೊದಲ ಸಿ.ಟಿ. ಸ್ಕ್ಯಾನ್ ಆಯಿತು. ಅದನ್ನು ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ವೈದ್ಯರಲ್ಲ, ಒಬ್ಬ ಇಂಜಿನಿಯರ್. ಡಿಪ್ಲೊಮಾ ಓದಿದ ಅವರಿಗೆ 1979ರಲ್ಲಿ ವೈದ್ಯಕೀಯದ ನೊಬೆಲ್ ಬಂತು. ಆಮೇಲೆ ಎಂ.ಆರ್.ಐ. ಬಂದು ಗಡ್ಡೆ, ನರ, ರಕ್ತನಾಳ ಮೂರೂ ಬೇರೆ ಬೇರೆಯಾಗಿ ಕಾಣತೊಡಗಿದವು. 1993ರಲ್ಲಿ ವಿಯೆನ್ನಾದ ಕ್ನಾಸ್ಪ್ ಮತ್ತು ಸಂಗಡಿಗರು ಒಂದು ಸರಳ ಅಳತೆ ಕೊಟ್ಟರು. ಎಂ.ಆರ್.ಐ. ಚಿತ್ರದಲ್ಲಿ ಪಕ್ಕದ ರಕ್ತನಾಳದ ಅಂಚುಗಳಿಗೆ ಗೆರೆ ಎಳೆದು, ಗಡ್ಡೆ ಯಾವ ಗೆರೆ ದಾಟಿದೆ ಎಂದು ನೋಡಿದರೆ ಸಾಕು. ದಾಟಿದಷ್ಟೂ ಅದು ಪೂರ್ತಿ ತೆಗೆಯಲಾಗದ ಜಾಗಕ್ಕೆ ನುಗ್ಗಿರುವ ಸಂಭವ ಹೆಚ್ಚು. ಹೀಗೆಯೇ ಎರಡು ರಕ್ತನಾಳಗಳ ನಡುವಿನ ಅಂತರ, ಮೂಗಿನ ಹಿಂದಿನ ಗಾಳಿಗೂಡಿನ ಆಕಾರ, ಗಡ್ಡೆ ಮೇಲಕ್ಕೆ ಎಷ್ಟು ಏರಿದೆ ಎಂಬುದನ್ನೆಲ್ಲ ಮೊದಲೇ ಅಳೆದು, ರಕ್ತನಾಳಕ್ಕೆ ಪೆಟ್ಟು, ಮೂಗಿನಿಂದ ಮೆದುಳಿನ ನೀರು ಸೋರುವುದು, ದೇಹದ ನೀರಿನ ಹತೋಟಿ ತಪ್ಪುವುದು, ಇವುಗಳ ಅಂದಾಜು ಮಾಡುತ್ತಾರೆ.

ಇದು ಪುಸ್ತಕದ ಮಾತಷ್ಟೇ ಅಲ್ಲ ಎಂಬುದನ್ನು ಮಾನ್ವಿ ಕಡೆಯ ನಮ್ಮ ಸೋದರಮಾವನ ವಿಷಯದಲ್ಲಿ ಕಂಡೆ. ಅವರು ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ರೈತ. ಬೆರಳಿನ ಉಂಗುರ ಬಿಗಿಯಾಯಿತು, ಚಪ್ಪಲಿಯ ಅಳತೆ ಏರಿತು. ಊರವರು ಮಾವ ಮೈಗೂಡಿದ ಅಂದರು. ಆಮೇಲೆ ಬದುವಿನ ಮೇಲೆ ನಡೆಯುವಾಗ ಪಕ್ಕದಿಂದ ಬರುವ ಎತ್ತು ಕಾಣದಾಯಿತು. ಮೂರು ಸಲ ಕನ್ನಡಕ ಬದಲಿಸಿದರು. ಕೊನೆಗೆ ರಾಯಚೂರಿನಲ್ಲಿ ಕಣ್ಣಿನ ಡಾಕ್ಟರೊಬ್ಬರು ಒಂದೊಂದೇ ಕಣ್ಣು ಮುಚ್ಚಿಸಿ, ಮಗ್ಗುಲಲ್ಲಿ ಬೆರಳಾಡಿಸಿ ನೋಡಿ, ಅಂದೇ ಎಂ.ಆರ್.ಐ.ಗೆ ಬರೆದುಕೊಟ್ಟರು. ಸೌತ್ ಡಕೋಟಾದ ಆ ರೈತನದೇ ಕಾಯಿಲೆ.

ತಲೆಯ ಆಪರೇಷನ್ ಎಂದೊಡನೆ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಒಪ್ಪಿಸಿದ್ದು ಬೆಂಗಳೂರಿನ ಡಾಕ್ಟರು ಚಿತ್ರ ತೋರಿಸಿ ಹೇಳಿದ ಮಾತು. ಎಡಗಡೆ ಗಡ್ಡೆ ರಕ್ತನಾಳವನ್ನು ಸುತ್ತಿದೆ, ಅಷ್ಟನ್ನು ಬೇಕೆಂದೇ ಬಿಡುತ್ತೇವೆ. ಎರಡು ಮೂರು ದಿನ ವಿಪರೀತ ಬಾಯಾರಿಕೆ, ಮೂತ್ರ ಆಗಬಹುದು, ಅಳೆದು ಬರೆದಿಡಿ. ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ಕೂಡಲೇ ತಿಳಿಸಿ. ನಮ್ಮ ಅತ್ತೆ ಓದು ಬರಹ ಬಲ್ಲವರಲ್ಲ. ಆದರೂ ಎರಡನೇ ದಿನ ಮೂತ್ರ ಹೆಚ್ಚಾದಾಗ ಅವರು ಹೆದರಲಿಲ್ಲ. ಎಷ್ಟು ಜಗ್ ಆಯಿತೆಂದು ಗೋಡೆಯ ಕ್ಯಾಲೆಂಡರಿನ ಮೇಲೆ ಗೀಟು ಹಾಕಿದರು. ನರ್ಸ್ ಆ ಗೀಟು ನೋಡಿ ಡಾಕ್ಟರಿಗೆ ಹೇಳಿದರು, ಔಷಧ ಸಿಕ್ಕಿತು. ಮಾವನ ಬಲಗಣ್ಣಿನ ನೋಟ ಬಹುಪಾಲು ಮರಳಿತು, ಎಡಗಣ್ಣಿನದು ಅರ್ಧ ಮಾತ್ರ. ಒಂದು ವರ್ಷ ಮೊದಲೇ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತೇನೋ.

ಇಂಜಿನಿಯರನಾಗಿ ನನಗೆ ಕಾಣುವುದು ಇಷ್ಟು. ಕಂಪ್ಯೂಟರಿಗೆ ಸಾವಿರಾರು ಚಿತ್ರ ಕೊಟ್ಟರೆ ಅದು ಗಡ್ಡೆಯ ಅಂಚನ್ನು ಗುರುತಿಸುವುದನ್ನು ಕಲಿಯುತ್ತದೆ. ಆದರೆ ಮುಂದೆ ಏನಾಗುತ್ತದೆ ಎಂದು ಹೇಳಬೇಕಾದರೆ, ಪ್ರತಿ ಚಿತ್ರದ ಪಕ್ಕದಲ್ಲಿ ಆ ರೋಗಿಗೆ ನಂತರ ಏನಾಯಿತು ಎಂಬ ಇನ್ನೊಂದು ಕಾಲಂ ಬೇಕು. ಆ ಕಾಲಂ ಖಾಲಿ ಇದ್ದರೆ ಎಂಥ ಯಂತ್ರವೂ ಕುರುಡು. ಕುಶಿಂಗ್ ಮತ್ತು ಐಸನ್‌ಹಾರ್ಟ್ ಜೀವನವಿಡೀ ತುಂಬಿದ್ದು ಅದೇ ಕಾಲಮ್ಮನ್ನು.

ನಮ್ಮ ಭಾಗದ ರೋಗಿಗಳಲ್ಲಿ ಆ ಕಾಲಂ ಹೆಚ್ಚಾಗಿ ಖಾಲಿ ಉಳಿಯುತ್ತದೆ. ಆಪರೇಷನ್ ಆಗಿ ಮನೆಗೆ ಬಂದವರು ಮರುತಪಾಸಣೆಗೆ ಹೋಗುವುದಿಲ್ಲ. ಬೆಂಗಳೂರು, ಹೈದರಾಬಾದಿಗೆ ಹೋಗಿಬರಲು ಖರ್ಚು, ಕೂಲಿ ನಷ್ಟ, ಜೊತೆಗೆ ಬರುವವರಿಲ್ಲ. ಹಳೆಯ ಸ್ಕ್ಯಾನ್ ಫಿಲಂ ಅಟ್ಟದ ಮೇಲೆ ಬಿಸಿಲಿಗೆ ಸುರುಟಿಹೋಗುತ್ತದೆ. ದೇವದುರ್ಗದ ರೋಗಿ ಆರಾಮಾದರೂ, ತೀರಿಕೊಂಡರೂ ಆಸ್ಪತ್ರೆಯ ಪುಸ್ತಕಕ್ಕೆ ಅದು ತಿಳಿಯುವುದಿಲ್ಲ. ಹಾಗಾಗಿ ನಾಳೆ ನಮ್ಮವರಿಗೆ ಹೇಳುವ ಅಂದಾಜು ಬೇರೆ ಊರಿನವರ ಲೆಕ್ಕದಿಂದ ಬಂದದ್ದಾಗಿರುತ್ತದೆ. ನಮ್ಮ ಮಾವ ವರ್ಷಕ್ಕೊಮ್ಮೆ ತಪ್ಪದೆ ಹೋಗುತ್ತಾರೆ. ನಾಟಿ ಮುಗಿದ ಮೇಲಿನ ಬಿಡುವಿನಲ್ಲಿ, ಎಲ್ಲ ಫಿಲಂಗಳನ್ನೂ ಒಂದು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ರಾಯಚೂರಿನಲ್ಲಿ ರೈಲು ಹತ್ತುತ್ತಾರೆ.

ಈ ಸಂಚಿಕೆ ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ರಿಮ್ಸ್‌ನಲ್ಲಿ ಡಾಕ್ಟರಾಗಬಹುದು, ಕೆಲವರು ನರ್ಸ್, ಲ್ಯಾಬ್ ಟೆಕ್ನಿಷಿಯನ್, ಆಶಾ ಕಾರ್ಯಕರ್ತೆ, ಇಂಜಿನಿಯರ್ ಆಗಬಹುದು. ಕುಶಿಂಗ್ ಅವರ ಕೈಚಳಕ ಎಲ್ಲರಿಗೂ ಬರುವುದಿಲ್ಲ. ಅವರ ಅಭ್ಯಾಸ ಮಾತ್ರ ಯಾರಿಗಾದರೂ ಬರುತ್ತದೆ. ಪ್ರಯೋಗಾಲಯದಲ್ಲಿ ಬಂದ ಅಳತೆಯನ್ನು ಬಂದ ಹಾಗೇ ಬರೆಯಿರಿ, ಪುಸ್ತಕದ ಉತ್ತರಕ್ಕೆ ಸರಿಹೊಂದಿಸಬೇಡಿ. ಮನೆಯ ಹಿರಿಯರ ದವಾಖಾನೆ ಚೀಟಿ, ಸ್ಕ್ಯಾನ್ ಫಿಲಂಗಳನ್ನು ತಾರೀಖಿನ ಪ್ರಕಾರ ಜೋಡಿಸಿಡಿ. ಅಜ್ಜನೋ ಮಾವನೋ ಪಕ್ಕದಲ್ಲಿದ್ದದ್ದು ಕಾಣದೆ ಬಾಗಿಲ ಚೌಕಟ್ಟಿಗೆ ಹಾಯುತ್ತಿದ್ದರೆ, ವಯಸ್ಸಾಯಿತು ಎಂದು ಸುಮ್ಮನಾಗದೆ ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಿರಿ.